ವೈಫೈ ಸೇಫಾ, ಮೊಬೈಲ್ ಡೇಟಾ ಸೇಫಾ? ಮೊದಲು ಹೇಳಿ, ಯಾರಿಂದ?

ಸಾರ್ವಜನಿಕ ವೈಫೈ ಬಳಸಬೇಡಿ, ಮೊಬೈಲ್ ಡೇಟಾ ಮಾತ್ರ ಬಳಸಿ ಅನ್ನೋ ಎಚ್ಚರಿಕೆ ವರ್ಷಕ್ಕೆ ನಾಲ್ಕೈದು ಸಲವಾದರೂ ನಮ್ಮ ವಾಟ್ಸಾಪ್ ಗ್ರೂಪುಗಳಿಗೆ ಬಂದು ಬೀಳುತ್ತೆ. ಜೊತೆಗೊಂದು ಚಿತ್ರ: ಮುಖ ಮುಚ್ಚಿಕೊಂಡು ಕತ್ತಲಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತ ಹ್ಯಾಕರ್. ಈ ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದು ಸುಮಾರು ಹದಿನೈದು ವರ್ಷ ಹಳೆಯದು. ಇನ್ನೂ ಮುಖ್ಯವಾಗಿ, ಒಬ್ಬ ಕಳ್ಳನ ಕಡೆ ಬೆರಳು ತೋರಿಸಿ ಉಳಿದವರನ್ನೆಲ್ಲ ನಮ್ಮ ಗಮನದಿಂದ ಮರೆಮಾಡುತ್ತೆ.

ಇತ್ತೀಚೆಗೆ ಮಾಲೂರು ತಾಲೂಕಿನ ಮಾಸ್ತಿಯಲ್ಲಿ ಕೆಲವು ಕಾಲೇಜು ಹುಡುಗರ ಜೊತೆ ಮಾತಾಡ್ತಾ ಇದ್ದೆ. ಒಬ್ಬ ಕೇಳಿದ: "ಅಣ್ಣಾ, ಟೀ ಅಂಗಡಿ ವೈಫೈ ಯೂಸ್ ಮಾಡಿದ್ರೆ ನಮ್ ವಾಟ್ಸಾಪ್ ಅವ್ರಿಗೆ ಕಾಣ್ಸುತ್ತಾ?" ಉತ್ತರ ಚಿಕ್ಕದು. ಇಲ್ಲ, ಕಾಣಿಸಲ್ಲ. ಆದರೆ ಅದೇ ಹುಡುಗ ಆ ವೈಫೈ ಬಿಟ್ಟು ತನ್ನ ಸಿಮ್‌ಗೆ ಬಂದ ತಕ್ಷಣ ಯಾರ ಕಣ್ಣಿಗೂ ಬೀಳದವನಾಗ್ತಾನಾ? ಅದೂ ಇಲ್ಲ. ನೋಡುವವರು ಬದಲಾಗ್ತಾರೆ, ಅಷ್ಟೇ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಆಂಡ್ ಕಮ್ಯುನಿಕೇಷನ್, ಬರೀತಿರೋದು ರಾಜಕೀಯ. ಈ ಎರಡೂ ಸೇರುವ ಜಾಗ ಇದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೂರು ದಾರಿ

ಮಾಸ್ತಿಯಂಥ ಊರಲ್ಲಿ ಇಂಟರ್ನೆಟ್‌ಗೆ ಹೋಗೋಕೆ ಮೂರು ದಾರಿ ಇವೆ. ಒಂದು, ನಿಮ್ಮದೇ ಸಿಮ್. ಫೋನಿಂದ ಟವರ್‌ಗೆ, ಟವರ್‌ನಿಂದ ಕಂಪನಿಯ ನೆಟ್‌ವರ್ಕ್‌ಗೆ. ಎರಡು, ಪಕ್ಕದವರ ಫೋನಿನ ಹಾಟ್‌ಸ್ಪಾಟ್. ನಿಮ್ಮ ಫೋನಿಂದ ಅವರ ಫೋನಿಗೆ ವೈಫೈ, ಅಲ್ಲಿಂದ ಅವರ ಸಿಮ್ ಮೂಲಕ ಟವರ್‌ಗೆ. ಮೂರು, ಎಲ್ಲೋ ಒಂದು ಕಡೆ ನೆಟ್ಟಿರುವ ವೈಫೈ. ಅಂಗಡಿಯದು, ಕಾಲೇಜಿನದು, ಗ್ರಾಮ ಪಂಚಾಯಿತಿಯ ಗ್ರಂಥಾಲಯದ್ದು, ರೈಲು ನಿಲ್ದಾಣದ್ದು, ಕೆಲಸ ಮಾಡುವ ಫ್ಯಾಕ್ಟರಿಯದ್ದು.

ಮೂರನೇ ದಾರಿಯನ್ನು ಸರ್ಕಾರವೇ ಬೆಳೆಸುತ್ತಾ ಬಂದಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆ ಶುರುವಾಗಿದ್ದು 2011ರಲ್ಲಿ, ಅದಕ್ಕೆ ಭಾರತ್‌ನೆಟ್ ಅನ್ನೋ ಹೆಸರು ಬಂದಿದ್ದು ಆಮೇಲೆ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ 'ನಮ್ಮ ವೈಫೈ' ಬಂದಿದ್ದು 2014ರ ಜನವರಿಯಲ್ಲಿ. ದೇಶದ 6,000ಕ್ಕೂ ಹೆಚ್ಚು ರೈಲು ನಿಲ್ದಾಣಗಳಲ್ಲಿ ರೈಲ್‌ಟೆಲ್‌ನ ಉಚಿತ ವೈಫೈ ಇದೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯಲ್ಲಂತೂ ಕಿರಾಣಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ, ಶುಲ್ಕ ಕಟ್ಟದೆ ವೈಫೈ ಮಾರಬಹುದು.

ಇವುಗಳಲ್ಲಿ ಯಾವುದು ಸೇಫ್ ಅನ್ನೋ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಪಕ್ಕದ ಬೆಂಚಿನವನಿಂದಲಾ, ಮನೆಯವರಿಂದಲಾ, ಕೆಲಸ ಕೊಟ್ಟವರಿಂದಲಾ, ಸರ್ಕಾರದಿಂದಲಾ? ಒಬ್ಬೊಬ್ಬರಿಗೂ ಉತ್ತರ ಬೇರೆ.

ಪಕ್ಕದ ಬೆಂಚಿನವರು

ಹಳೆಯ ಭಯ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಅನ್ನೋ ಪ್ರೋಗ್ರಾಮರ್ ಫೈರ್‌ಶೀಪ್ ಅಂತ ಒಂದು ಬ್ರೌಸರ್ ಎಕ್ಸ್‌ಟೆನ್ಷನ್ ಬಿಟ್ಟ. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತು ಅದನ್ನು ಆನ್ ಮಾಡಿದ್ರೆ ಸುತ್ತ ಇರೋರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಪಟ್ಟಿಯಾಗಿ ಕಾಣ್ತಿದ್ವು. ಒಂದು ಕ್ಲಿಕ್ ಮಾಡಿದ್ರೆ ಅವರ ಖಾತೆಯ ಒಳಗೆ. ಕಾರಣ ಸರಳ. ಆಗ ಆ ಸೈಟ್‌ಗಳು ಲಾಗಿನ್ ಆಗುವ ಕ್ಷಣ ಮಾತ್ರ ಎನ್‌ಕ್ರಿಪ್ಷನ್ ಬಳಸ್ತಿದ್ವು, ಆಮೇಲಿನದ್ದೆಲ್ಲ ಬಿಚ್ಚಿಟ್ಟ ಅಂಚೆ ಕಾರ್ಡಿನ ಥರ ಗಾಳಿಯಲ್ಲಿ ಹೋಗ್ತಿತ್ತು. ಬಟ್ಲರ್ ಅದನ್ನು ಮಾಡಿದ್ದೇ ಕಂಪನಿಗಳಿಗೆ ನಾಚಿಕೆ ಆಗಲಿ ಅಂತ. ನಾಚಿಕೆಯೂ ಆಯ್ತು. ಫೇಸ್‌ಬುಕ್ 2013ರ ಹೊತ್ತಿಗೆ ಎಲ್ಲರಿಗೂ ಎಚ್‌ಟಿಟಿಪಿಎಸ್ ಕೊಟ್ಟಿತು. 2015ರಿಂದ ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸಂಸ್ಥೆ ಯಾವ ಸೈಟ್‌ಗೆ ಬೇಕಾದರೂ ಪುಕ್ಕಟೆಯಾಗಿ ಎನ್‌ಕ್ರಿಪ್ಷನ್ ಸರ್ಟಿಫಿಕೇಟ್ ಕೊಡೋಕೆ ಶುರು ಮಾಡಿತು. ವಾಟ್ಸಾಪ್ 2016ರ ಏಪ್ರಿಲ್‌ನಲ್ಲಿ ಸಂದೇಶಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಹಾಕಿತು.

ಇವತ್ತು ನೀವು ತೆರೆಯುವ ಬಹುಪಾಲು ಸೈಟುಗಳು, ಯುಪಿಐ ಆ್ಯಪ್‌ಗಳು, ಬ್ಯಾಂಕ್ ಆ್ಯಪ್‌ಗಳು ಎಲ್ಲವೂ ಫೋನಿನಲ್ಲೇ ಮಾತನ್ನು ಮುಚ್ಚಿ ಕಳಿಸುತ್ತವೆ. ವೈಫೈ ಬರೀ ರಸ್ತೆ, ಲಕೋಟೆ ಅಂಟಿಸಿರೋದು ಮನೆಯಲ್ಲೇ. ಅಮೆರಿಕದ ಗ್ರಾಹಕ ರಕ್ಷಣಾ ಸಂಸ್ಥೆ ಎಫ್‌ಟಿಸಿ ವರ್ಷಗಟ್ಟಲೆ ಸಾರ್ವಜನಿಕ ವೈಫೈ ಬಗ್ಗೆ ಹೆದರಿಸ್ತಾ ಇತ್ತು. 2023ರಲ್ಲಿ ಅದೇ ತನ್ನ ಸಲಹೆ ಬದಲಿಸಿ, ಎನ್‌ಕ್ರಿಪ್ಷನ್ ಇಷ್ಟು ವ್ಯಾಪಕವಾದ ಮೇಲೆ ಸಾಮಾನ್ಯವಾಗಿ ಭಯ ಇಲ್ಲ ಅಂತ ಹೇಳಿತು. ನಮ್ಮ ವಾಟ್ಸಾಪ್ ಫಾರ್ವರ್ಡ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹಾಗಾದರೆ ಏನು ಕಾಣುತ್ತೆ? ಯಾವ ಸೈಟಿಗೆ ಹೋದ್ರಿ ಅನ್ನೋ ಹೆಸರು ಕಾಣುತ್ತೆ, ಅಲ್ಲಿ ಏನು ಓದಿದ್ರಿ ಅನ್ನೋದು ಕಾಣಲ್ಲ. ಸೈಟಿನ ಹೆಸರನ್ನು ವಿಳಾಸವಾಗಿ ಬದಲಿಸುವ ಡಿಎನ್‌ಎಸ್ ಕೋರಿಕೆ ಬಹಳಷ್ಟು ಸಲ ಮುಚ್ಚದೇ ಹೋಗುತ್ತೆ. ಸಂಪರ್ಕ ಶುರುವಾಗುವಾಗಲೂ ಸೈಟಿನ ಹೆಸರು ಸಾಮಾನ್ಯವಾಗಿ ಬಯಲಲ್ಲೇ ಇರುತ್ತೆ. ಟೀ ಅಂಗಡಿಯವರಿಗೆ ಆಸಕ್ತಿ ಇದ್ದು, ರೂಟರ್ ಒಳಗೆ ಹೋಗಿ ನೋಡುವ ವಿದ್ಯೆಯೂ ಇದ್ದರೆ, ನೀವು ಇಂಥ ಪತ್ರಿಕೆಯ ಸೈಟಿಗೆ, ಇಂಥ ಡೇಟಿಂಗ್ ಆ್ಯಪ್‌ಗೆ ಹೋಗಿದ್ರಿ ಅಂತ ಗೊತ್ತಾಗಬಹುದು. ಅವರಿಗೆ ಹಾಲು ಉಕ್ಕದಂತೆ ನೋಡಿಕೊಳ್ಳೋದೇ ದೊಡ್ಡ ಕೆಲಸ ಅನ್ನೋದು ಬೇರೆ ಮಾತು.

ಅಂಗಡಿಯ ಗೋಡೆ ಮೇಲೆ ಬರೆದಿರುವ ಪಾಸ್‌ವರ್ಡ್ ಬಗ್ಗೆ ಒಂದು ಮಾತು. ಪಾಸ್‌ವರ್ಡ್ ಇದೆ ಅಂದ್ರೆ ಸೇಫ್ ಅಂತ ಜನ ಅಂದುಕೊಳ್ತಾರೆ. 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಅನ್ನೋ ಭದ್ರತಾ ವಿಧಾನದಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದರೆ, ಆ ಪಾಸ್‌ವರ್ಡ್ ಗೊತ್ತಿರುವ ಇನ್ನೊಬ್ಬ ಗಿರಾಕಿ ನಿಮ್ಮ ಫೋನ್ ವೈಫೈಗೆ ಸೇರುವ ಕ್ಷಣವನ್ನು ಹಿಡಿದುಕೊಂಡು, ವೈಫೈ ಹಾಕಿದ ಬೀಗವನ್ನು ತೆಗೆಯಬಹುದು. ಒಳಗಿನ ಎಚ್‌ಟಿಟಿಪಿಎಸ್ ಬೀಗ ಆಗಲೂ ಹಾಗೇ ಇರುತ್ತೆ. 2018ರಲ್ಲಿ ಬಂದ ಡಬ್ಲ್ಯುಪಿಎ3 ಈ ತೊಂದರೆಯನ್ನು ಸರಿಪಡಿಸಿದೆ. ಆದರೆ ಸಣ್ಣ ಊರಿನ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿರುವ ರೂಟರ್‌ಗಳಿಗೆ ಅದು ಬಂದಿರೋದು ಕಡಿಮೆ.

ನಿಜವಾದ ಅಪಾಯ ಇರೋದು ನಕಲಿ ಹಾಟ್‌ಸ್ಪಾಟಿನಲ್ಲಿ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ ಒಬ್ಬನ ಮೇಲೆ ಕೇಸಾಯ್ತು. ಸಣ್ಣ ಸಾಧನ ಒಂದನ್ನು ಬ್ಯಾಗಲ್ಲಿಟ್ಟುಕೊಂಡು ವಿಮಾನ ನಿಲ್ದಾಣಗಳಲ್ಲಿ, ವಿಮಾನದ ಒಳಗೂ ಅಸಲಿ ವೈಫೈನ ಹೆಸರಲ್ಲೇ ನಕಲಿ ವೈಫೈ ಎಬ್ಬಿಸ್ತಿದ್ದ. ಸೇರಿಕೊಂಡವರಿಗೆ ಒಂದು ಪುಟ ತೆರೆದುಕೊಳ್ತಿತ್ತು: ನಿಮ್ಮ ಇಮೇಲ್ ಅಥವಾ ಸೋಷಿಯಲ್ ಮೀಡಿಯಾ ಖಾತೆಯಿಂದ ಲಾಗಿನ್ ಆಗಿ. ಅವನು ಯಾವ ಎನ್‌ಕ್ರಿಪ್ಷನ್ನನ್ನೂ ಒಡೆಯಲಿಲ್ಲ. ಜನರೇ ಬರೆದು ಕೊಟ್ಟರು. ಹಾಗಾಗಿ ನಿಯಮ ಒಂದೇ: ವೈಫೈ ಪುಟ ನಿಮ್ಮ ಮೊಬೈಲ್ ನಂಬರ್ ಕೇಳಬಹುದು, ಬೇರೆ ಯಾವುದೇ ಖಾತೆಯ ಪಾಸ್‌ವರ್ಡ್ ಕೇಳಿದರೆ ಎದ್ದು ಬನ್ನಿ. "ಈ ಸಂಪರ್ಕ ಸುರಕ್ಷಿತವಲ್ಲ" ಅಂತ ಬ್ರೌಸರ್ ಹೇಳಿದಾಗ "ಪರವಾಗಿಲ್ಲ, ಮುಂದುವರಿ" ಅಂತ ಒತ್ತಬೇಡಿ.

ಸಿಮ್‌ಗೂ ಒಂದು ಹಳೇ ಬಾಗಿಲಿದೆ

ಪಕ್ಕದ ಬೆಂಚಿನವರ ವಿಷಯದಲ್ಲಿ ಮೊಬೈಲ್ ಡೇಟಾ ಗೆಲ್ಲುತ್ತೆ, ಅನುಮಾನ ಇಲ್ಲ. 4ಜಿ, 5ಜಿಯಲ್ಲಿ ಸಿಮ್ ಟವರನ್ನು ಪರೀಕ್ಷಿಸುತ್ತೆ, ಟವರ್ ಸಿಮ್ಮನ್ನು ಪರೀಕ್ಷಿಸುತ್ತೆ, ಮಧ್ಯದ ಗಾಳಿಯಲ್ಲಿ ಹೋಗೋದು ಮುಚ್ಚಿರುತ್ತೆ. ಆದರೆ ನಮ್ಮ ಫೋನುಗಳು ಇನ್ನೂ 2ಜಿಯನ್ನೂ ಒಪ್ಪಿಕೊಳ್ಳುತ್ತವೆ. 2ಜಿಯಲ್ಲಿ ಟವರ್ ಫೋನನ್ನು ಪರೀಕ್ಷಿಸುತ್ತೆ, ಫೋನ್ ಟವರನ್ನು ಪರೀಕ್ಷಿಸಲ್ಲ. ಯಾರು ಬಂದು "ನಾನೇ ಟವರ್" ಅಂದರೂ ನಂಬುತ್ತೆ. 2024ರಲ್ಲಿ ಲಂಡನ್ ಪೊಲೀಸರು ಇಬ್ಬರನ್ನು ಹಿಡಿದರು. ಅವರು ಮನೆಯಲ್ಲೇ ಜೋಡಿಸಿದ ಆಂಟೆನಾದಿಂದ ಬ್ಯಾಂಕಿನ ಹೆಸರಲ್ಲಿ ಸಾವಿರಾರು ಫೋನುಗಳಿಗೆ ನೇರವಾಗಿ ಮೋಸದ ಎಸ್‌ಎಂಎಸ್ ತೂರಿದ್ದರು ಅನ್ನೋದು ಆರೋಪ. ಇದೇ ತಂತ್ರದ ದುಬಾರಿ ಆವೃತ್ತಿಗಳನ್ನು ಬೇರೆ ಬೇರೆ ದೇಶಗಳ ಪೊಲೀಸರೂ ಬಳಸ್ತಾರೆ.

ಆಂಡ್ರಾಯ್ಡ್ 12ರಿಂದ ಈಚೆಗೆ ಹಲವು ಫೋನುಗಳಲ್ಲಿ ಸಿಮ್ ಸೆಟ್ಟಿಂಗ್ ಒಳಗೆ 2ಜಿ ಬಂದ್ ಮಾಡುವ ಆಯ್ಕೆ ಇದೆ. ನಿಮ್ಮ ಊರಲ್ಲಿ 4ಜಿ ಚೆನ್ನಾಗಿ ಸಿಗುತ್ತೆ ಅಂದ್ರೆ ಬಂದ್ ಮಾಡಿ. ತೋಟದ ಕಡೆ ಹೋದಾಗ 2ಜಿ ಮಾತ್ರ ಸಿಗುತ್ತೆ ಅನ್ನೋರು ಸುಮ್ಮನಿರಿ. ಆ ಜಾಗದಲ್ಲಿ ಕರೆ ಹೋಗೋದೇ ಮುಖ್ಯ.

ಗೆಳೆಯನ ಹಾಟ್‌ಸ್ಪಾಟ್

ಇದರ ಬಗ್ಗೆ ಜಾಸ್ತಿ ಹೇಳೋದು ಬೇಡ. ತಾಂತ್ರಿಕವಾಗಿ ಟೀ ಅಂಗಡಿಗಿಂತ ಇದು ಮೇಲು, ಯಾಕೆಂದರೆ ಸೇರುವವರು ಇಬ್ಬರೋ ಮೂವರೋ. ಆದರೆ ಕೊಡುವವರು ಒಂದು ವಿಷಯ ತಿಳಿದಿರಬೇಕು. ನಿಮ್ಮ ಹಾಟ್‌ಸ್ಪಾಟ್‌ನಿಂದ ಹೋದ ಪ್ರತಿಯೊಂದೂ ಕಂಪನಿಯ ದಾಖಲೆಯಲ್ಲಿ ನಿಮ್ಮ ನಂಬರಿನ ಲೆಕ್ಕಕ್ಕೇ ಬೀಳುತ್ತೆ. ಬಸ್ಸಲ್ಲಿ ಪರಿಚಯವಾದವನು ಹತ್ತು ನಿಮಿಷ ನೆಟ್ ಕೇಳಿ ಯಾರಿಗೋ ಬೆದರಿಕೆ ಮೇಲ್ ಕಳಿಸಿದ್ರೆ ಪೊಲೀಸರು ಮೊದಲು ಬರೋದು ನಿಮ್ಮ ಮನೆಗೆ. ಹಾಟ್‌ಸ್ಪಾಟಿನ ಹೆಸರನ್ನು ನಿಮ್ಮ ಸ್ವಂತ ಹೆಸರಲ್ಲಿ ಇಡಬೇಡಿ, ಪಾಸ್‌ವರ್ಡ್ ಒಂದರಿಂದ ಎಂಟರವರೆಗಿನ ಅಂಕಿ ಆಗೋದು ಬೇಡ, ಕೆಲಸ ಮುಗಿದ ಮೇಲೆ ಆಫ್ ಮಾಡಿ.

ಸರ್ಕಾರದ ಕಣ್ಣಿಗೆ

ಇಲ್ಲಿ ಲೆಕ್ಕ ತಿರುಗುಮುರುಗಾಗುತ್ತೆ. ಪಕ್ಕದವರಿಂದ ಕಾಪಾಡುವ ಸಿಮ್ಮೇ ಸರ್ಕಾರದ ಮುಂದೆ ನಿಮ್ಮನ್ನು ಅತಿ ಹೆಚ್ಚು ಬಿಚ್ಚಿಡುತ್ತೆ.

ಸಿಮ್ ನಿಮ್ಮ ಗುರುತಿನ ದಾಖಲೆಗೆ ಅಂಟಿಕೊಂಡೇ ಹುಟ್ಟುತ್ತೆ. ಫೋನ್ ಆನ್ ಇರುವಷ್ಟು ಹೊತ್ತೂ ಯಾವ ಟವರ್ ಹತ್ತಿರ ಇದ್ದೀರಿ ಅಂತ ಕಂಪನಿಗೆ ಗೊತ್ತಿರುತ್ತೆ, ಗೊತ್ತಿರದೆ ಕರೆ ಬರೋಕೆ ಸಾಧ್ಯವೇ ಇಲ್ಲ. 2021ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ಇಲಾಖೆ ಲೈಸೆನ್ಸ್ ಷರತ್ತು ತಿದ್ದಿ, ಕರೆ ವಿವರ ಮತ್ತು ಇಂಟರ್ನೆಟ್ ಬಳಕೆಯ ವಿವರವನ್ನು ಒಂದು ವರ್ಷದ ಬದಲು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಅಂತ ಕಂಪನಿಗಳಿಗೆ ಹೇಳಿತು. ಅದರಲ್ಲಿ ನೀವು ಮಾತಾಡಿದ್ದು ಇರಲ್ಲ. ಯಾವ ಹೊತ್ತಲ್ಲಿ, ಯಾವ ಟವರ್‌ನಿಂದ, ಯಾವ ವಿಳಾಸಕ್ಕೆ ಸಂಪರ್ಕ ಆಯ್ತು ಅನ್ನೋದು ಇರುತ್ತೆ. ಒಂದು ಪ್ರತಿಭಟನೆಗೆ ಯಾರು ಯಾರು ಬಂದಿದ್ದರು ಅಂತ ತಿಳಿಯೋಕೆ ಅಷ್ಟೇ ಸಾಕು.

ಇಲ್ಲೊಂದು ವಿಷಯವನ್ನು ಬಹಳ ಜನ ಗಮನಿಸಲ್ಲ. ವೈಫೈಗೆ ಸೇರಿದ ಮಾತ್ರಕ್ಕೆ ಸಿಮ್ ಮಲಗಲ್ಲ. ಗ್ರಂಥಾಲಯದ ವೈಫೈನಲ್ಲಿ ಓದ್ತಾ ಕೂತಿದ್ದರೂ ಫೋನ್ ಟವರ್ ಜೊತೆ ಮಾತಾಡ್ತಾನೇ ಇರುತ್ತೆ. ಹಾಗಾಗಿ ವೈಫೈ ಬಳಸಿದರೆ ಟವರ್ ದಾಖಲೆ ತಪ್ಪಲ್ಲ, ಅದರ ಜೊತೆಗೆ ಇನ್ನೊಂದು ದಾಖಲೆ ಸೇರುತ್ತೆ. ಹಳ್ಳಿಗಳ ಕಡೆ ಒಂದು ಟವರ್ ಕೆಲವು ಕಿಲೋಮೀಟರ್‌ಗಳನ್ನೇ ನೋಡಿಕೊಳ್ಳುತ್ತೆ, ವೈಫೈ ಅಂದಾಜು ನೂರಡಿ ನೂರೈವತ್ತಡಿ. ಅಂದರೆ ಟವರ್ ನೀವು ಮಾಸ್ತಿ ಸುತ್ತಮುತ್ತ ಇದ್ರಿ ಅಂತ ಹೇಳಿದರೆ, ವೈಫೈ ಈ ಕಟ್ಟಡದಲ್ಲೇ ಇದ್ರಿ ಅಂತ ಹೇಳುತ್ತೆ. ಇನ್ನು ಮಾಸ್ತಿಯಿಂದ ತಮಿಳುನಾಡು ಗಡಿ ದೂರ ಇಲ್ಲ. ಗಡಿ ಭಾಗದಲ್ಲಿ ಫೋನ್ ಆಚೆ ಕಡೆಯ ಟವರ್ ಹಿಡಿಯೋದು ಮಾಮೂಲಿ. ದಾಖಲೆಯಲ್ಲಿ ನೀವು ಕೂತಲ್ಲೇ ರಾಜ್ಯ ದಾಟಿರ್ತೀರಿ!

ಸಾರ್ವಜನಿಕ ವೈಫೈನಲ್ಲಿ ಒಟಿಪಿ ಯಾಕೆ ಕೇಳ್ತಾರೆ? ಅದರ ಹಿಂದೆ 2008ರ ಕಥೆ ಇದೆ. ಆ ವರ್ಷ ಜುಲೈ 26ರಂದು ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಭಯೋತ್ಪಾದಕರು ಕಳಿಸಿದ ಇಮೇಲ್, ನವಿ ಮುಂಬೈನಲ್ಲಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯ ತೆರೆದ ವೈಫೈನಿಂದ ಹೋಗಿತ್ತು. ಅವರಿಗೂ ಅದಕ್ಕೂ ಸಂಬಂಧ ಇರಲಿಲ್ಲ. 2009ರಲ್ಲಿ ದೂರಸಂಪರ್ಕ ಇಲಾಖೆ, ಸಾರ್ವಜನಿಕ ವೈಫೈ ಕೊಡುವವರು ಬಳಕೆದಾರರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್‌ನಲ್ಲಿ ಪಾಸ್‌ವರ್ಡ್ ಕಳಿಸಬೇಕು ಅಂತ ಆದೇಶ ಮಾಡಿತು. ಸೈಬರ್ ಕೆಫೆಗಳಿಗೂ 2011ರ ಕೇಂದ್ರ ನಿಯಮದಲ್ಲಿ ಗುರುತಿನ ಚೀಟಿ, ಒಂದು ವರ್ಷದ ದಾಖಲೆ ಪುಸ್ತಕ ಕಡ್ಡಾಯವಾಯ್ತು. ಆ ದಾರುಣ ಘಟನೆಯ ನಂತರ ಏನೋ ಒಂದು ಮಾಡಲೇಬೇಕಿತ್ತು, ಒಪ್ತೀನಿ. ಆದರೆ ಫಲ ಏನಾಯ್ತು ಅಂದ್ರೆ, ಹೆಸರು ಹೇಳದೆ ಇಂಟರ್ನೆಟ್ ಬಳಸುವ ಕಾನೂನುಬದ್ಧ ದಾರಿ ಒಬ್ಬ ಸಾಮಾನ್ಯ ವಿದ್ಯಾರ್ಥಿಗೆ ಉಳಿದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದುಕೊಂಡೇ 'ಶ್ರೀನಿವಾಸ' ಅನ್ನೋ ಹೆಸರಲ್ಲಿ ಬರೆದರು. ಅವರು ಯಾರು ಅಂತ ಎಲ್ಲರಿಗೂ ಗೊತ್ತಿತ್ತು, ಅದು ಬೇರೆ. ಆದರೆ ಇವತ್ತು ಸರ್ಕಾರಿ ನೌಕರರೊಬ್ಬರು ಕಾವ್ಯನಾಮದಲ್ಲಿ ಖಾತೆ ತೆರೆದರೆ ಆ ಹೆಸರಿನ ಹಿಂದೆ ಒಂದು ಒಟಿಪಿ ಇರುತ್ತೆ, ಒಟಿಪಿ ಹಿಂದೆ ಆಧಾರ್ ಇರುತ್ತೆ.

ದಾಖಲೆ ಇರೋದು ಒಂದು, ಅದನ್ನು ಯಾರು ತೆಗೀಬಹುದು ಅನ್ನೋದು ಇನ್ನೊಂದು. ತನಿಖಾಧಿಕಾರಿಗಳು ದಾಖಲೆ ಕೇಳುವ ಅಧಿಕಾರ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ನಿನಲ್ಲಿದೆ. ಹಳೇ ಸಿಆರ್‌ಪಿಸಿಯಲ್ಲಿ ಅದು 91 ಆಗಿತ್ತು. ಮಾತನ್ನೇ ಕದ್ದು ಕೇಳೋಕೆ ಬೇರೆ ಅನುಮತಿ ಬೇಕು. ಆ ಅನುಮತಿ ಕೊಡುವವರು ಗೃಹ ಕಾರ್ಯದರ್ಶಿ. ಪರಿಶೀಲಿಸುವ ಸಮಿತಿಯಲ್ಲಿ ಇರುವವರೂ ಅಧಿಕಾರಿಗಳೇ, ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅದರ ಅಧ್ಯಕ್ಷರು. ನ್ಯಾಯಾಧೀಶರು ಎಲ್ಲೂ ಬರಲ್ಲ. ಟೆಲಿಗ್ರಾಫ್ ಕಾಯ್ದೆ 1885ರದ್ದು. ಅದರ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂತು, 2024ರ ಡಿಸೆಂಬರ್‌ನಲ್ಲಿ ಹೊಸ ಕದ್ದಾಲಿಕೆ ನಿಯಮಗಳೂ ಬಂದವು. ಈ ಏರ್ಪಾಡು ಮಾತ್ರ ಹಾಗೇ ಮುಂದುವರಿಯಿತು.

ಕರ್ನಾಟಕದವರಿಗೆ ಇದು ಹೊಸ ಕಥೆಯಲ್ಲ. 1988ರ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಸ್ಥಾನ ಬಿಟ್ಟಿದ್ದು ಟೆಲಿಫೋನ್ ಕದ್ದಾಲಿಕೆ ಆರೋಪದ ಮೇಲೆ. ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ, ಕದ್ದಾಲಿಕೆ ಖಾಸಗಿತನದ ಹಕ್ಕನ್ನು ಮುಟ್ಟುತ್ತೆ, ಅದಕ್ಕೆ ಕ್ರಮಬದ್ಧ ವಿಧಾನ ಬೇಕು ಅಂದಿತು. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದರು. ಅದಾಗಿ ಎರಡೇ ವರ್ಷಕ್ಕೆ, 2019ರ ಆಗಸ್ಟ್‌ನಲ್ಲಿ, ಸಮ್ಮಿಶ್ರ ಸರ್ಕಾರದ ಕಾಲದಲ್ಲಿ ಫೋನ್ ಕದ್ದಾಲಿಕೆ ನಡೆದಿತ್ತು ಅನ್ನೋ ಆರೋಪದ ತನಿಖೆಯನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಕೊಟ್ಟಿತು. ಪಕ್ಷ ಯಾವುದಾದರೂ ಆಗಲಿ, ಈ ಯಂತ್ರ ಕೈಗೆ ಸಿಕ್ಕಾಗ ಬೇಡ ಅಂದವರನ್ನು ನಾನು ಕಂಡಿಲ್ಲ.

ಕೆಲಸ ಕೊಟ್ಟವರು

ಕೋಲಾರ ಜಿಲ್ಲೆಯ ಯುವಕ ಯುವತಿಯರಿಗೆ ಇದು ಸರ್ಕಾರಕ್ಕಿಂತ ಹತ್ತಿರದ ಪ್ರಶ್ನೆ. ಮಾಲೂರು, ವೇಮಗಲ್, ನರಸಾಪುರ ಅಂತ ಕೈಗಾರಿಕಾ ಪ್ರದೇಶಗಳು ಬೆಳೆದಿವೆ. 2020ರ ಡಿಸೆಂಬರ್ 12ರಂದು ನರಸಾಪುರದ ವಿಸ್ಟ್ರಾನ್ ಐಫೋನ್ ಘಟಕದಲ್ಲಿ ಸಂಬಳದ ವಿಚಾರಕ್ಕೆ ಕಾರ್ಮಿಕರ ಸಿಟ್ಟು ಸ್ಫೋಟವಾಗಿದ್ದು, ನೂರಕ್ಕೂ ಹೆಚ್ಚು ಜನರನ್ನು ಬಂಧಿಸಿದ್ದು ನೆನಪಿರಬಹುದು. ಸಂಬಳ ಕೊಡುವಲ್ಲಿ ಲೋಪ ಆಗಿತ್ತು ಅಂತ ಆಮೇಲೆ ಆ್ಯಪಲ್ ಕೂಡ ಒಪ್ಪಿ, ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡೋದನ್ನು ತಡೆಹಿಡಿಯಿತು. 2023ರಲ್ಲಿ ಆ ಘಟಕ ಟಾಟಾ ಕೈಗೆ ಹೋಯ್ತು. ಅಂಥ ಜಾಗಗಳಲ್ಲಿ ಸಂಬಳ, ಓವರ್‌ಟೈಮ್, ಸಂಘಟನೆ ಬಗ್ಗೆ ಮಾತು ನಡೆಯೋದು ವಾಟ್ಸಾಪ್ ಗ್ರೂಪಲ್ಲೇ.

ಯಾವುದೇ ಕಂಪನಿಯ ವೈಫೈನಲ್ಲಿ ಆ ಮಾತಾಡಿದರೆ ಸಂದೇಶದ ಒಳಗಿನದ್ದು ಕಾಣಲ್ಲ. ಯಾವ ಫೋನ್, ಎಷ್ಟು ಹೊತ್ತು, ಯಾವ ಆ್ಯಪ್ ಬಳಸ್ತಿತ್ತು ಅನ್ನೋದು ಕಾಣಬಹುದು. ಕಂಪನಿಯವರು "ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿ" ಅಂತಲೋ, ಕೆಲಸದ ಆ್ಯಪ್‌ಗೆ ಇಡೀ ಫೋನಿನ ಮೇಲೆ ಅಧಿಕಾರ ಕೊಡಿ ಅಂತಲೋ ಕೇಳಿ ನೀವು ಒಪ್ಪಿದರೆ ಕಥೆಯೇ ಬೇರೆ. ಆಗ ನೀವು ಬ್ರೌಸರ್‌ನಲ್ಲಿ ಓದುವುದೂ ಕಾಣಬಹುದು. ಹಾಗಾಗಿ ಕೆಲಸದ ಜಾಗದ ಸಂಗತಿ ಮಾತಾಡೋಕೆ ನಿಮ್ಮ ಸಿಮ್ಮೇ ಒಳ್ಳೆಯದು. ಇಲ್ಲಿ ಮೊಬೈಲ್ ಡೇಟಾಗೆ ನನ್ನ ಓಟು. ಅದಕ್ಕಿಂತ ಮುಖ್ಯ, ಗ್ರೂಪಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳೋದು. ಸ್ಕ್ರೀನ್‌ಶಾಟ್ ತೆಗೆದು ಸೂಪರ್‌ವೈಸರ್‌ಗೆ ಕಳಿಸುವವನನ್ನು ತಡೆಯುವ ಎನ್‌ಕ್ರಿಪ್ಷನ್ ಇನ್ನೂ ಹುಟ್ಟಿಲ್ಲ.

ಮನೆಯವರು

ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳ ಸಿಮ್ ಇರೋದು ಅಪ್ಪನ, ಅಣ್ಣನ, ಗಂಡನ ಹೆಸರಲ್ಲಿ. ಸೈಬರ್ ಸುರಕ್ಷತೆಯ ಶಿಬಿರಗಳಲ್ಲಿ ಇದರ ಬಗ್ಗೆ ಯಾರೂ ಮಾತಾಡಿದ್ದನ್ನು ನಾನು ಕೇಳಿಲ್ಲ. ಸಿಮ್ ಯಾರ ಹೆಸರಲ್ಲಿದೆಯೋ ಅವರು ಕಳೆದುಹೋಯ್ತು ಅಂತ ಹೇಳಿ ಅದೇ ನಂಬರಿನ ಇನ್ನೊಂದು ಸಿಮ್ ತರಬಹುದು. ಆ ಕ್ಷಣದಿಂದ ಒಟಿಪಿ ಬರೋದು ಅವರ ಕೈಗೆ. ಒಟಿಪಿ ಅಂದ್ರೆ ವಾಟ್ಸಾಪ್, ಬ್ಯಾಂಕ್, ಇಮೇಲ್ ಎಲ್ಲದರ ಬೀಗದ ಕೈ. ಮನೆಯ ವೈಫೈ ಸೇಫಾ ಅಂತ ಕೇಳುವ ಮೊದಲು ಸಿಮ್ ಯಾರ ಹೆಸರಲ್ಲಿದೆ ಅಂತ ಕೇಳಿ, ಆದರೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಎರಡು ಹಂತದ ದೃಢೀಕರಣದ ಪಿನ್ ಹಾಕಿ, ಆಗ ಬರೀ ಒಟಿಪಿಯಿಂದ ಒಳಗೆ ಬರೋಕಾಗಲ್ಲ. 'ಲಿಂಕ್ಡ್ ಡಿವೈಸಸ್' ಪಟ್ಟಿಯನ್ನು ತೆರೆದು, ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಅಲ್ಲಿದೆಯಾ ನೋಡಿ.

ಫೋನೇ ಬಾಯಿಬಿಟ್ಟರೆ

ಇಷ್ಟು ಹೊತ್ತು ರಸ್ತೆ ಬಗ್ಗೆ ಮಾತಾಡಿದ್ವಿ. ಫೋನ್ ಒಳಗೇ ಕಳ್ಳ ಕೂತರೆ ರಸ್ತೆ ಯಾವುದಾದರೇನು?

2021ರ ಜುಲೈನಲ್ಲಿ ಪೆಗಾಸಸ್ ವರದಿಗಳು ಬಂದಾಗ, 2019ರಲ್ಲಿ ಕರ್ನಾಟಕದ ಸಮ್ಮಿಶ್ರ ಸರ್ಕಾರ ಅಲುಗಾಡ್ತಿದ್ದ ಹೊತ್ತಿಗೆ ಸೇರಿದ ನಂಬರುಗಳೂ ಗುರಿಯಾಗಿರಬಹುದಾದವರ ಪಟ್ಟಿಯಲ್ಲಿದ್ದವು ಅಂತ 'ದಿ ವೈರ್' ಬರೆಯಿತು. ಆಗ ಉಪಮುಖ್ಯಮಂತ್ರಿ ಆಗಿದ್ದ ಜಿ. ಪರಮೇಶ್ವರ ಅವರದ್ದು, ಎಚ್.ಡಿ. ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಆಪ್ತ ಕಾರ್ಯದರ್ಶಿಗಳದ್ದು. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಫೋನ್ ಒಳಗೆ ಪೆಗಾಸಸ್ ಹೊಕ್ಕಿತ್ತು ಅಂತ ಅಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ಪರೀಕ್ಷಿಸಿದ 29 ಫೋನುಗಳಲ್ಲಿ 5ರಲ್ಲಿ ಯಾವುದೋ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಅಂತ ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ಸಹಕರಿಸಲಿಲ್ಲ ಅಂತ ಸಮಿತಿ ಹೇಳಿದ್ದನ್ನು 2022ರ ಆಗಸ್ಟ್‌ನಲ್ಲಿ ಕೋರ್ಟೇ ಓದಿ ಹೇಳಿತು. ಇಂಥ ತಂತ್ರಾಂಶಕ್ಕೆ ವೈಫೈ, ಡೇಟಾ ಎರಡೂ ಒಂದೇ, ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಕೂಡ ಲೆಕ್ಕಕ್ಕಿಲ್ಲ. ಅದು ನೀವು ಓದುವ ಪರದೆಯನ್ನೇ ಓದುತ್ತೆ.

ನಮ್ಮ ನಿಮ್ಮಂಥವರಿಗೆ ಪೆಗಾಸಸ್ ಬರಲ್ಲ, ಅದು ದುಬಾರಿ. ನಮಗೆ ಬರೋದು ಮದುವೆ ಆಮಂತ್ರಣದ ಹೆಸರಲ್ಲಿ, ಟ್ರಾಫಿಕ್ ಚಲನ್ ಹೆಸರಲ್ಲಿ, ಪಿಎಂ ಕಿಸಾನ್ ಹೆಸರಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲ್. ಇನ್‌ಸ್ಟಾಲ್ ಮಾಡಿದ್ರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತೆ, ಕೊಟ್ಟರೆ ಒಟಿಪಿ ಅಲ್ಲಿಂದಲೇ ಹೋಗುತ್ತೆ. ಹಳ್ಳಿಗಳಲ್ಲಿ ಜನ ದುಡ್ಡು ಕಳಕೊಳ್ತಿರೋದು ಹೀಗೆ, ಇಲ್ಲಾ ಫೋನ್ ಕರೆಗೆ ಹೆದರಿ. ವೈಫೈಗೂ ಅದಕ್ಕೂ ಸಂಬಂಧವೇ ಇಲ್ಲ. ಆಮಂತ್ರಣ ಪತ್ರಿಕೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತೆ, ಎಪಿಕೆ ಆಗಿ ಯಾವತ್ತೂ ಬರಲ್ಲ ಅನ್ನೋದನ್ನು ಅಪ್ಪ ಅಮ್ಮನಿಗೆ ಇವತ್ತೇ ಹೇಳಿ. ದುಡ್ಡು ಹೋಗಿದ್ದು ಗೊತ್ತಾದ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ಅದು ಕೈಯಿಂದ ಕೈಗೆ ಹೋಗಿರುತ್ತೆ.

ಇನ್ನೊಂದು ವಿಷಯ, ಹಳೇ ಫೋನುಗಳು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಎರಡು ಮೂರು ವರ್ಷದ ಹಿಂದಿನದ್ದಾಗಿದ್ದರೆ ಆಮೇಲೆ ಪತ್ತೆಯಾದ ತೂತುಗಳೆಲ್ಲ ಆ ಫೋನಲ್ಲಿ ತೆರೆದೇ ಇವೆ. ಕೆಲವು ದುಬಾರಿ ಫೋನುಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತಾರೆ, ಹತ್ತು ಸಾವಿರದ ಫೋನಿಗೆ ಅದರ ಅರ್ಧವೂ ಸಿಗೋದು ಕಷ್ಟ. ಭದ್ರತೆಯೂ ಇಲ್ಲಿ ದುಡ್ಡಿದ್ದವರ ಸೊತ್ತು. ಇದನ್ನು ರಾಜಕೀಯ ಪ್ರಶ್ನೆಯಾಗಿ ಯಾರೂ ಎತ್ತದೇ ಇರೋದು ನನಗೆ ಆಶ್ಚರ್ಯ.

ವಿಪಿಎನ್ ಹಾಕಿದ್ರೆ?

ಎಲ್ಲರೂ ಕೊನೆಗೆ ಕೇಳೋದು ಇದನ್ನೇ. ವಿಪಿಎನ್ ಹಾಕಿದ್ರೆ ವೈಫೈ ಕೊಟ್ಟವರಿಗೆ, ಮೊಬೈಲ್ ಕಂಪನಿಗೆ ನೀವು ಹೋದ ಸೈಟಿನ ಹೆಸರು ಕಾಣಲ್ಲ. ಆದರೆ ವಿಪಿಎನ್ ಕಂಪನಿಗೆ ಕಾಣುತ್ತೆ. ನಂಬಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ, ವಿಪಿಎನ್ ಕಂಪನಿಗಳು ಗಿರಾಕಿಗಳ ವಿವರವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಅಂತ ನಿರ್ದೇಶನ ಕೊಟ್ಟಿತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್ ಭಾರತದಲ್ಲಿದ್ದ ತಮ್ಮ ಸರ್ವರ್‌ಗಳನ್ನೇ ತೆಗೆದವು. ಪುಕ್ಕಟೆ ವಿಪಿಎನ್‌ಗಳ ಸಹವಾಸ ನಾನಂತೂ ಮಾಡಲ್ಲ. ಅವುಗಳಲ್ಲಿ ಹಲವು ಬದುಕೋದೇ ನಿಮ್ಮ ಮಾಹಿತಿ ಮಾರಿ.

ಅದಕ್ಕಿಂತ ಸುಲಭದ ಕೆಲಸ ಒಂದಿದೆ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಒಳಗೆ ಪ್ರೈವೇಟ್ ಡಿಎನ್‌ಎಸ್ ಅಂತ ಇದೆ. ಅಲ್ಲಿ ನಂಬಿಕೆಯ ಡಿಎನ್‌ಎಸ್ ಸೇವೆಯೊಂದರ ಹೆಸರು ಹಾಕಿದ್ರೆ ಹೆಸರು ಕೇಳುವ ಕೋರಿಕೆಯೂ ಮುಚ್ಚಿ ಹೋಗುತ್ತೆ. ಪೂರ್ತಿ ಮರೆಯಾಗಲ್ಲ, ಟೀ ಅಂಗಡಿಯ ಮಟ್ಟಿಗೆ ಸಾಕು. ವೈಫೈ ಸೆಟ್ಟಿಂಗ್‌ನಲ್ಲಿ 'ರ‍್ಯಾಂಡಮೈಸ್ಡ್ ಮ್ಯಾಕ್' ಆನ್ ಇದೆಯಾ ನೋಡಿ. ಆಂಡ್ರಾಯ್ಡ್ 10, ಐಒಎಸ್ 14ರಿಂದ ಅದು ತಾನಾಗೇ ಆನ್ ಇರುತ್ತೆ, ಬೇರೆ ಬೇರೆ ಹಾಟ್‌ಸ್ಪಾಟ್‌ಗಳು ಇದು ಅದೇ ಫೋನ್ ಅಂತ ಗುರುತಿಸದ ಹಾಗೆ ಮಾಡುತ್ತೆ. ಹಳೇ ವೈಫೈ ಹೆಸರುಗಳಿಗೆ ಫೋನ್ ತಾನೇ ಹೋಗಿ ಸೇರದಂತೆ 'ಫರ್‌ಗೆಟ್' ಮಾಡಿ. ವಾಟ್ಸಾಪ್ ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ ಬೇಕಾದರೆ ನೀವೇ ಆನ್ ಮಾಡಬೇಕು, 2021ರಿಂದ ಆ ಆಯ್ಕೆ ಇದೆ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೈಟಿನಲ್ಲಿ ನೋಡಬಹುದು. 2023ರ ಮೇ ತಿಂಗಳಿಂದ ಇರುವ ಉಪಯುಕ್ತ ಸೇವೆ ಅದು. ಅದರ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲೂ ಮೊದಲೇ ಹಾಕಿ ಮಾರಬೇಕು ಅಂತ 2025ರ ನವೆಂಬರ್ ಕೊನೆಯಲ್ಲಿ ಸರ್ಕಾರ ಆದೇಶ ಮಾಡಿ, ಗಲಾಟೆ ಆದ ಮೇಲೆ ಡಿಸೆಂಬರ್ ಮೊದಲ ವಾರದಲ್ಲೇ ವಾಪಸ್ ತಗೊಂಡಿತು. ಆ್ಯಪ್ ಇಲ್ಲದೆ ಬ್ರೌಸರ್‌ನಲ್ಲೇ ನೋಡಿದರೂ ನಡೆಯುತ್ತೆ. ಒಂದು ಒಟಿಪಿ ಕೇಳುತ್ತೆ, ಅಷ್ಟೇ.